ನೊಬೆಲ್ ವಿಜ್ಞಾನಿ ಬಂದು ಹೋದ ಮೇಲೆ ಏನಾಗುತ್ತದೆ?

ದೊಡ್ಡ ಪ್ರಶಸ್ತಿ ಗೆದ್ದ ವಿಜ್ಞಾನಿಯೊಬ್ಬರು ವಿಶ್ವವಿದ್ಯಾಲಯಕ್ಕೆ ಬರುತ್ತಾರೆ ಅಂದರೆ ನಡೆಯುವುದು ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ಸಭಾಂಗಣ ತುಂಬುತ್ತದೆ. ಮುಂದಿನ ಎರಡು ಸಾಲು ಅಧಿಕಾರಿಗಳಿಗೆ ಮೀಸಲು. ಸ್ವಾಗತ ಭಾಷಣ, ಅತಿಥಿಯ ಪರಿಚಯ, ಅಧ್ಯಕ್ಷರ ಎರಡು ಮಾತು (ಅದು ಯಾವತ್ತೂ ಎರಡಕ್ಕೆ ನಿಲ್ಲುವುದಿಲ್ಲ), ಆಮೇಲೆ ಉಪನ್ಯಾಸ. ಪ್ರಶ್ನೋತ್ತರಕ್ಕೆ ಅಂತ ಕೊನೆಗೆ ಹತ್ತು ನಿಮಿಷ ಉಳಿದಿರುತ್ತದೆ. ಅದರಲ್ಲಿ ಅರ್ಧವನ್ನು ಹಿರಿಯ ಪ್ರಾಧ್ಯಾಪಕರೊಬ್ಬರು ಪ್ರಶ್ನೆಯ ಹೆಸರಿನಲ್ಲಿ ತಮ್ಮದೇ ಸಂಶೋಧನೆ ಹೇಳಿಕೊಂಡು ಮುಗಿಸುತ್ತಾರೆ. ಹಿಂದಿನ ಸಾಲಿನ ಹುಡುಗಿ ಎತ್ತಿದ ಕೈ ಎತ್ತಿದಂತೆಯೇ ಇರುತ್ತದೆ. ನಂತರ ಫೋಟೊ. ಮಾರನೇ ದಿನ 'ವಿದ್ಯಾರ್ಥಿಗಳಿಗೆ ಸ್ಫೂರ್ತಿ ತುಂಬಿದ ವಿಜ್ಞಾನಿ' ಅಂತ ಸುದ್ದಿ.

ತುಂಬಿತಾ? ತುಂಬಿದ್ದು ಎಷ್ಟು ದಿನ ಉಳಿಯಿತು? ಇದನ್ನು ಯಾರೂ ಕೇಳುವುದಿಲ್ಲ, ಯಾಕಂದರೆ ಇಂಥ ಕಾರ್ಯಕ್ರಮ ಒಳ್ಳೆಯದು ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ಕ್ರಿಕೆಟ್ ತಾರೆಯೊಬ್ಬ ಮೈದಾನಕ್ಕೆ ಬಂದು ಹುಡುಗರ ಕೈಕುಲುಕಿ ಹೋದರೆ ಅವರಿಗೆ ಕವರ್ ಡ್ರೈವ್ ಬಂದುಬಿಡುತ್ತದೆ ಅಂತ ನಾವು ನಂಬುವುದಿಲ್ಲ. ವಿಜ್ಞಾನದ ವಿಷಯದಲ್ಲಿ ಮಾತ್ರ ಸುಮ್ನೆ ನಂಬಿಬಿಡುತ್ತೇವೆ.

ನನ್ನ ವಾದ ಇಷ್ಟು: ದೊಡ್ಡ ವಿಜ್ಞಾನಿಯ ಭೇಟಿಯಿಂದ ಬದುಕು ಬದಲಾದ ಉದಾಹರಣೆಗಳು ನಿಜಕ್ಕೂ ಇವೆ, ಆದರೆ ಅವುಗಳಲ್ಲಿ ಕೆಲಸ ಮಾಡಿದ್ದು ಭಾಷಣವಲ್ಲ. ಆ ಭೇಟಿಯಲ್ಲಿ ಕೈಗೆ ಏನೋ ಒಂದು ಸಿಕ್ಕಿತ್ತು. ಒಂದು ಕರಡು, ಒಂದು ವಿಳಾಸ, ಒಂದು ಖಾಲಿ ಹುದ್ದೆ, ಅಥವಾ 'ನೀನು ಓದಿದ್ದು ಹಳತಾಯಿತು' ಅನ್ನುವ ಖಡಕ್ ಮಾತು.

ಬೈಂಡಿಂಗ್ ಅಂಗಡಿಯ ಹುಡುಗ

ಈ ವಿಷಯ ಬಂದಾಗಲೆಲ್ಲ ಮೈಕೆಲ್ ಫ್ಯಾರಡೆಯ ಕಥೆ ಬಂದೇ ಬರುತ್ತದೆ. ಆದರೆ ಅದನ್ನು ಅರ್ಧಕ್ಕೇ ನಿಲ್ಲಿಸುವವರು ಜಾಸ್ತಿ. ಲಂಡನ್ನಿನ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಬಡ ಹುಡುಗ, ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ಗೆ ಹೋದ, ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿದ, ಸ್ಫೂರ್ತಿಗೊಂಡ, ಮಹಾವಿಜ್ಞಾನಿಯಾದ. ಡೇವಿ ಆಗಲೇ ಹೆಸರುವಾಸಿ. ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಕಾಪ್ಲಿ ಪದಕವನ್ನು 1805ರಲ್ಲೇ ಪಡೆದಿದ್ದವರು.

ನಡುವೆ ಬಿಟ್ಟುಹೋದದ್ದೇ ಮುಖ್ಯ ಭಾಗ. ಫ್ಯಾರಡೆ ಕೇಳಿದ್ದು ನಾಲ್ಕು ಉಪನ್ಯಾಸ. ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗಲಿಲ್ಲ. ಟಿಪ್ಪಣಿ ಮಾಡಿಕೊಂಡು, ಮನೆಯಲ್ಲಿ ಕೂತು ಅದನ್ನು ಬಿಡಿಸಿ ಬರೆದು, ಚಿತ್ರ ಹಾಕಿ, ಸುಮಾರು 300 ಪುಟ ಮಾಡಿ, ತನಗೆ ಗೊತ್ತಿದ್ದ ಕಸುಬಿನಿಂದಲೇ ಅದಕ್ಕೆ ರಟ್ಟು ಕಟ್ಟಿದ. ಕೆಲಸ ಕೇಳಿ ಮೊದಲು ಬರೆದದ್ದು ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ. ಉತ್ತರ ಬರಲಿಲ್ಲ. ಆಮೇಲೆ ಡಿಸೆಂಬರಿನಲ್ಲಿ ಆ ಪುಸ್ತಕವನ್ನು ಡೇವಿಗೇ ಕಳಿಸಿದ. ಡೇವಿ ಸಂತೋಷಪಟ್ಟರು, ಕರೆಸಿ ಮಾತಾಡಿಸಿದರು, ಮತ್ತು ಬೈಂಡಿಂಗ್ ಕೆಲಸವನ್ನೇ ಮುಂದುವರಿಸಪ್ಪಾ ಅಂತ ಬುದ್ಧಿ ಹೇಳಿ ಕಳಿಸಿದರು! ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಕೆಲವೇ ವಾರಗಳಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಲ್ಯಾಬ್ ಸಹಾಯಕನೊಬ್ಬ ಜಗಳಕ್ಕೆ ಬಿದ್ದು ಹೊಡೆದಾಡಿ ಕೆಲಸ ಕಳೆದುಕೊಂಡ. ಜಾಗ ಖಾಲಿಯಾಯಿತು. ಡೇವಿಗೆ ರಟ್ಟು ಕಟ್ಟಿದ ಆ ಪುಸ್ತಕದ ಹುಡುಗ ನೆನಪಾದ. 1813ರ ಮಾರ್ಚ್ 1ರಂದು ಫ್ಯಾರಡೆ ಕೆಲಸಕ್ಕೆ ಸೇರಿದ. ವಾರಕ್ಕೆ 25 ಷಿಲಿಂಗ್ ಸಂಬಳ, ಮೇಲೆ ಎರಡು ಕೋಣೆ.

ಅಂದರೆ ಒಂದು ಟಿಕೆಟ್, 300 ಪುಟದ ಕೆಲಸ, ಒಂದು ಖಾಲಿ ಹುದ್ದೆ. ಇದರಲ್ಲಿ ಯಾವುದೊಂದು ಇಲ್ಲದಿದ್ದರೂ ಡೇವಿಯ ಉಪನ್ಯಾಸ ಎಷ್ಟೇ ಚೆನ್ನಾಗಿದ್ದರೂ ಫ್ಯಾರಡೆ ಬೈಂಡರ್ ಆಗಿಯೇ ಉಳಿಯುತ್ತಿದ್ದ. ಆಗ ಎಷ್ಟು ಜನ ಉಪನ್ಯಾಸ ಕೇಳಿ ಕಣ್ಣರಳಿಸಿ ಎದ್ದುಹೋದರೋ, ಅವರ ಹೆಸರೆಲ್ಲ ನಮಗೆ ಗೊತ್ತಿಲ್ಲ. ಫ್ಯಾರಡೆಗೆ ಮಾತ್ರ ಇದು ಮರೆಯಲಿಲ್ಲ ಅನ್ನಿಸುತ್ತದೆ. ಅದೇ ಸಂಸ್ಥೆಯಲ್ಲಿ 1825ರಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಶುರುವಾದವು, ಮುಂದೆ 19 ವರ್ಷಗಳ ಉಪನ್ಯಾಸಗಳನ್ನು ಫ್ಯಾರಡೆಯೇ ಕೊಟ್ಟರು. ಆ ಉಪನ್ಯಾಸಗಳಲ್ಲಿ ಪ್ರಯೋಗವನ್ನು ಮೇಜಿನ ಮೇಲೆ ಮಾಡಿ ತೋರಿಸುವುದೇ ಮುಖ್ಯವಾಗಿತ್ತು.

ಹೋಟೆಲಿನಲ್ಲಿ ಸಿಕ್ಕ ಕರಡು

ನನಗೆ ಇದಕ್ಕಿಂತಲೂ ಇಷ್ಟವಾದ ಘಟನೆ ಇನ್ನೊಂದು. 1928ರಲ್ಲಿ ಜರ್ಮನಿಯ ಭೌತವಿಜ್ಞಾನಿ ಆರ್ನಾಲ್ಡ್ ಸೊಮರ್‌ಫೆಲ್ಡ್ ಭಾರತ ಪ್ರವಾಸದಲ್ಲಿದ್ದಾಗ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಉಪನ್ಯಾಸ ಕೊಟ್ಟರು. ಕೇಳಿದವರಲ್ಲಿ ಹದಿನೆಂಟರ ಆಸುಪಾಸಿನ ಸುಬ್ರಹ್ಮಣ್ಯನ್ ಚಂದ್ರಶೇಖರ್ ಕೂಡ ಇದ್ದರು. ಸೊಮರ್‌ಫೆಲ್ಡ್ ಅವರ ಪರಮಾಣು ರಚನೆಯ ಪಠ್ಯವನ್ನು ಹುಡುಗ ಪೂರ್ತಿ ಅರೆದು ಕುಡಿದಿದ್ದ. ಮಾರನೇ ದಿನ ಧೈರ್ಯ ಮಾಡಿ ಅವರು ಉಳಿದುಕೊಂಡಿದ್ದ ಹೋಟೆಲಿಗೇ ಹೋದ.

ಹಿರಿಯರು ಬೆನ್ನು ತಟ್ಟಿ 'ಚೆನ್ನಾಗಿ ಓದು, ದೊಡ್ಡ ಕನಸು ಕಾಣು' ಅಂದು ಕಳಿಸಬಹುದಿತ್ತು. ಸೊಮರ್‌ಫೆಲ್ಡ್ ಹೇಳಿದ್ದು ಬೇರೆ. ಆ ಪುಸ್ತಕದಲ್ಲಿರುವ ಭೌತಶಾಸ್ತ್ರ ಈಗ ಹಳತಾಗಿದೆ, ಹೈಸೆನ್‌ಬರ್ಗ್, ಶ್ರೋಡಿಂಗರ್, ಡಿರಾಕ್, ಪೌಲಿ ಇವರೆಲ್ಲ ಸೇರಿ ಎಲ್ಲವನ್ನೂ ತಿರುಗಿಸಿ ಹಾಕಿದ್ದಾರೆ ಅಂತ. ತಲೆಮೇಲೆ ತಣ್ಣೀರು ಸುರಿದ ಹಾಗೆ ಆಗಿರಬೇಕು. ಆದರೆ ಬರಿಗೈಲಿ ಕಳಿಸಲಿಲ್ಲ. ಲೋಹಗಳಲ್ಲಿ ಇಲೆಕ್ಟ್ರಾನುಗಳ ವರ್ತನೆ ಕುರಿತ ತಮ್ಮ ಇನ್ನೂ ಪ್ರಕಟವಾಗದ ಪೇಪರಿನ ಅಚ್ಚಿನ ಕರಡನ್ನು ಹುಡುಗನ ಕೈಗೆ ಕೊಟ್ಟರು. ಫರ್ಮಿ–ಡಿರಾಕ್ ಸಂಖ್ಯಾಶಾಸ್ತ್ರ ಅನ್ನುವ ಹೊಸ ಲೆಕ್ಕಾಚಾರ ಅದರಲ್ಲಿತ್ತು.

ಆಮೇಲಿನದ್ದು ಗಮನಿಸಿ. ಆ ಹೊಸ ಲೆಕ್ಕ ಕಲಿತು ಚಂದ್ರಶೇಖರ್ ಬರೆದ ಮೊದಲ ಪೇಪರ್ ಕೇಂಬ್ರಿಜ್‌ನ ಆರ್. ಎಚ್. ಫೌಲರ್ ಮೂಲಕ 1929ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅದರಿಂದ ಫೌಲರ್ ಪರಿಚಯ. 1930ರಲ್ಲಿ ಅವರ ಬಳಿಯೇ ಸಂಶೋಧನೆಗೆ ಹಡಗು ಹತ್ತಿದರು. ದಾರಿಯಲ್ಲಿ ಅದೇ ಸಂಖ್ಯಾಶಾಸ್ತ್ರವನ್ನು ಶ್ವೇತಕುಬ್ಜ (ಇಂಧನ ಮುಗಿದು ಕುಗ್ಗಿದ) ನಕ್ಷತ್ರಗಳಿಗೆ ಹಚ್ಚಿ ಲೆಕ್ಕ ಮಾಡಿದಾಗ, ಒಂದು ಮಿತಿ ದಾಟಿದ ನಕ್ಷತ್ರ ಹಾಗೆ ಶಾಂತವಾಗಿ ಉಳಿಯಲಾರದು ಅನ್ನುವುದು ಕಂಡಿತು. ಇವತ್ತು ಚಂದ್ರಶೇಖರ್ ಮಿತಿ ಅನ್ನುತ್ತೇವಲ್ಲ, ಸೂರ್ಯನ ರಾಶಿಯ ಸುಮಾರು 1.4 ಪಟ್ಟು, ಅದು. 1983ರಲ್ಲಿ ನೊಬೆಲ್. ಸೊಮರ್‌ಫೆಲ್ಡ್ ಅವರಿಗೆ ಮಾತ್ರ ಎಷ್ಟೋ ಸಲ ಹೆಸರು ಸೂಚಿತವಾದರೂ ನೊಬೆಲ್ ಬರಲೇ ಇಲ್ಲ. ಪ್ರಶಸ್ತಿ ಪಡೆದವರೇ ಬಂದರೆ ಮಾತ್ರ ಮಕ್ಕಳಿಗೆ ಲಾಭ ಅಂತ ಅಂದುಕೊಳ್ಳುವ ಆಯೋಜಕರು ಇದನ್ನೊಂದು ನೆನಪಿಟ್ಟುಕೊಂಡರೆ ಒಳ್ಳೆಯದು.

ಮಧ್ಯಾಹ್ನದ ಹೊತ್ತು

ಇಂಥ ಆಕಸ್ಮಿಕ ಭೇಟಿಗಳನ್ನು ಯೋಜನೆ ಹಾಕಿ ಮಾಡಿಸಬಹುದಾ? ಅದಕ್ಕೆ ಅತಿ ಹಳೆಯ ಪ್ರಯತ್ನಗಳಲ್ಲೊಂದು ಜರ್ಮನಿಯ ಲಿಂಡಾವ್‌ನಲ್ಲಿ ನಡೆಯುತ್ತಿದೆ. ಕಾನ್‌ಸ್ಟನ್ಸ್ ಸರೋವರದ ದಡದ ಪುಟ್ಟ ಊರು. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ವೈದ್ಯರು, ವಿಜ್ಞಾನಿಗಳು ಹೊರಜಗತ್ತಿನಿಂದ ಪೂರ್ತಿ ಕಡಿದುಹೋಗಿದ್ದರು. ಆ ಗೋಡೆ ಒಡೆಯಬೇಕು ಅಂತ ಊರಿನ ಇಬ್ಬರು ವೈದ್ಯರು ಸ್ವೀಡನ್ ರಾಜಮನೆತನದ ಕೌಂಟ್ ಲೆನಾರ್ಟ್ ಬರ್ನಡಾಟ್ ಅವರ ನೆರವು ಪಡೆದು 1951ರಲ್ಲಿ ಮೊದಲ ಸಭೆ ಮಾಡಿದರು. ಬಂದದ್ದು ಏಳು ನೊಬೆಲ್ ವಿಜೇತರು. ವಿದ್ಯಾರ್ಥಿಗಳು ಸೇರಿಕೊಂಡದ್ದು ಆಮೇಲೆ. ಈಗ ಸಾಮಾನ್ಯವಾಗಿ 30–40 ವಿಜೇತರು, 35ರೊಳಗಿನ ಸುಮಾರು 600 ಯುವ ವಿಜ್ಞಾನಿಗಳು. ಒಂದು ವರ್ಷ ಭೌತವಿಜ್ಞಾನ, ಒಂದು ವರ್ಷ ರಸಾಯನ, ಒಂದು ವರ್ಷ ವೈದ್ಯಕೀಯ, ಹೀಗೆ ಸರದಿ. ಅರ್ಥಶಾಸ್ತ್ರಕ್ಕೆ ಬೇರೆಯೇ ಸಭೆ ಇದೆ.

ಲಿಂಡಾವ್‌ನ ಜಾಣತನ ಇರುವುದು ಬೆಳಗಿನ ಉಪನ್ಯಾಸಗಳಲ್ಲಲ್ಲ. ಉಪನ್ಯಾಸವನ್ನು ಯೂಟ್ಯೂಬಿನಲ್ಲೂ ಕೇಳಬಹುದು. ಮಧ್ಯಾಹ್ನ ವಿಜೇತರೊಬ್ಬರು ಒಂದು ಕೋಣೆಯಲ್ಲಿ ಯುವ ಸಂಶೋಧಕರ ಜೊತೆ ಮಾತ್ರ ಕೂರುತ್ತಾರೆ. ಅಧಿಕಾರಿಗಳಿಲ್ಲ, ಪಿಎಚ್‌ಡಿ ಗೈಡ್ ಇಲ್ಲ. ಅಲ್ಲಿ ಏನನ್ನು ಬೇಕಾದರೂ ಕೇಳಬಹುದು. ಇನ್ನು ಕೆಲವರ ಜೊತೆ ಊಟಕ್ಕೆ ಕೂರಬಹುದು, ಬೆಳಿಗ್ಗೆ ನಾಲ್ಕಾರು ಜನ ಸೇರಿ ವಾಕಿಂಗ್ ಹೋಗಬಹುದು. ಗೈಡ್ ಪಕ್ಕದಲ್ಲಿ ಇಲ್ಲದಿದ್ದಾಗ ಪಿಎಚ್‌ಡಿ ವಿದ್ಯಾರ್ಥಿಗಳ ಬಾಯಿಂದ ಬರುವ ಪ್ರಶ್ನೆಗಳೇ ಬೇರೆ ಅಲ್ವಾ?

ಇದೇ ಮಾದರಿಯಲ್ಲಿ ಬೇರೆಯವೂ ಹುಟ್ಟಿವೆ. ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನಕ್ಕೆ ನೊಬೆಲ್ ಇಲ್ಲವಾದ್ದರಿಂದ ಏಬಲ್, ಫೀಲ್ಡ್ಸ್, ಟ್ಯೂರಿಂಗ್ ಪ್ರಶಸ್ತಿ ಪಡೆದವರನ್ನು ಸೇರಿಸಿ 2013ರಿಂದ ಹೈಡಲ್‌ಬರ್ಗ್‌ನಲ್ಲಿ ನಡೆಯುವ ಸಭೆ ಒಂದು. ಸಿಂಗಪುರದಲ್ಲೂ 2013ರಲ್ಲಿ ಯುವ ವಿಜ್ಞಾನಿಗಳ ಜಾಗತಿಕ ಸಮಾವೇಶ ಶುರುವಾಯಿತು. ಜಪಾನ್ ನಡೆಸುವ ಹೋಪ್ ಸಭೆಗಳೂ ಇದೇ ಜಾತಿಯವು.

ಲಿಂಡಾವ್‌ನಲ್ಲಿ ಒಂದು ಅಡ್ಡ ಲಾಭವೂ ಇದೆ, ಅದನ್ನು ಯಾವ ಬ್ರೋಷರ್‌ನಲ್ಲೂ ಜೋರಾಗಿ ಹೇಳುವುದಿಲ್ಲ. ಆರುನೂರು ಯುವ ಸಂಶೋಧಕರು ಒಂದೇ ಕಡೆ ಐದಾರು ದಿನ ಇರುತ್ತಾರೆ. ಎಂಬತ್ತರ ವಿಜೇತರೊಬ್ಬರಿಗಿಂತ ಪಕ್ಕದ ಕುರ್ಚಿಯ ಮೂವತ್ತರ ಹುಡುಗಿಯೇ ಮುಂದಿನ ಮೂವತ್ತು ವರ್ಷ ಕೆಲಸಕ್ಕೆ ಬರುವವಳು. ವಿಜೇತರ ಹೆಸರು ಜನರನ್ನು ಒಂದೆಡೆ ಸೇರಿಸುತ್ತದೆ, ಲಾಭ ಆಗುವುದು ಹಲವು ಸಲ ಸೇರಿದವರ ನಡುವೆ. ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಪರಿಚಯವಾದದ್ದು ವಿಶ್ವವಿದ್ಯಾಲಯದ ಜೆರಾಕ್ಸ್ ಮಷಿನ್ ಪಕ್ಕ. ಕೋವಿಡ್ ವಿರುದ್ಧ ಬಳಸಿದ ಎಂಆರ್‌ಎನ್‌ಎ ಲಸಿಕೆಯ ದಾರಿ ಶುರುವಾದದ್ದು ಅಲ್ಲಿ, ಯಾವ ಸಮ್ಮೇಳನದ ವೇದಿಕೆಯಲ್ಲೂ ಅಲ್ಲ.

ಗರಡಿಯಲ್ಲಿ ಪಳಗುವುದು

ಅಮೆರಿಕದ ಸಮಾಜವಿಜ್ಞಾನಿ ಹ್ಯಾರಿಯೆಟ್ ಜುಕರ್‌ಮನ್ ನೊಬೆಲ್ ವಿಜೇತರನ್ನೇ ಹಿಡಿದು ಅಧ್ಯಯನ ಮಾಡಿದವರು. 1972ರವರೆಗೆ ಪ್ರಶಸ್ತಿ ಪಡೆದವರಲ್ಲಿ, ಆ ಕೆಲಸವನ್ನು ಅಮೆರಿಕದಲ್ಲಿ ಮಾಡಿದ್ದ 92 ಜನರನ್ನು ಅವರು ನೋಡಿದಾಗ 48 ಜನ ಹಿಂದೊಮ್ಮೆ ಇನ್ನೊಬ್ಬ ನೊಬೆಲ್ ವಿಜೇತರ ಕೈಕೆಳಗೆ ವಿದ್ಯಾರ್ಥಿಯಾಗಿಯೋ ಕಿರಿಯ ಸಹೋದ್ಯೋಗಿಯಾಗಿಯೋ ಇದ್ದವರು. ಅರ್ಧಕ್ಕಿಂತ ಜಾಸ್ತಿ. ಕೆಲವು ಕಡೆ ಇದು ವಂಶವೃಕ್ಷದ ಹಾಗೇ ಕಾಣುತ್ತದೆ. ಆಸ್ಟ್‌ವಾಲ್ಡ್ (1909) ಬಳಿ ನೆರ್ನ್‌ಸ್ಟ್ (1920), ನೆರ್ನ್‌ಸ್ಟ್ ಬಳಿ ಮಿಲಿಕನ್ (1923), ಮಿಲಿಕನ್ ಬಳಿ ಆಂಡರ್‌ಸನ್ (1936), ಆಂಡರ್‌ಸನ್ ಬಳಿ ಗ್ಲೇಸರ್ (1960). ಸೇಂಟ್ ಲೂಯಿಸ್‌ನಲ್ಲಿ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಯ ಲ್ಯಾಬ್ ಒಂದರಲ್ಲೇ ದುಡಿದ ಆರು ಮಂದಿಗೆ ಮುಂದೆ ನೊಬೆಲ್ ಬಂತು.

ಇದನ್ನು ಕೇಳಿದ ಕೂಡಲೇ 'ನೋಡಿ, ಮಹಾನ್ ವಿಜ್ಞಾನಿಗಳ ಸಂಪರ್ಕದ ಮಹಿಮೆ' ಅಂತ ಹಾರಬೇಡಿ. ಚುರುಕು ಹುಡುಗರು ಒಳ್ಳೆಯ ಲ್ಯಾಬನ್ನು ಹುಡುಕಿಕೊಂಡು ಹೋಗುತ್ತಾರೆ, ಒಳ್ಳೆಯ ಲ್ಯಾಬಿನವರು ಚುರುಕು ಹುಡುಗರನ್ನೇ ಆರಿಸಿಕೊಳ್ಳುತ್ತಾರೆ, ದೊಡ್ಡವರ ಹೆಸರು ಜೊತೆಗಿದ್ದರೆ ಶಿಫಾರಸಿಗೂ ತೂಕ ಬರುತ್ತದೆ. ಇದೆಲ್ಲ ಸೇರಿ ಆ ಅರ್ಧ. ಹಾಗಿದ್ದೂ ಒಂದು ಉಳಿಯುತ್ತದೆ. ಜುಕರ್‌ಮನ್ ಮಾತಾಡಿಸಿದ ವಿಜೇತರು ತಾವು ಗುರುಗಳಿಂದ ಕಲಿತದ್ದು ಮಾಹಿತಿಯನ್ನಲ್ಲ, ಯಾವ ಸಮಸ್ಯೆ ಹಿಡಿಯಲು ಯೋಗ್ಯ, ಯಾವುದನ್ನು ಬಿಡಬೇಕು, ಎಷ್ಟು ಪುರಾವೆ ಸಿಕ್ಕರೆ ಸಾಕು ಅನ್ನುವ ರುಚಿಯನ್ನು ಅಂತ ಹೇಳಿಕೊಂಡಿದ್ದರು. ಇದು ವರ್ಷಗಟ್ಟಲೆ ಒಂದೇ ಬೆಂಚಿನ ಪಕ್ಕ ನಿಂತಾಗ, ಬೈಸಿಕೊಂಡಾಗ, ತಮ್ಮ ಪೇಪರಿನ ಮೇಲೆ ಕೆಂಪು ಶಾಯಿ ಬಿದ್ದಾಗ ಬರುವಂಥದ್ದು. ಒಂದು ಗಂಟೆಯ ಭೇಟಿಯಲ್ಲಿ ಇದು ಬರಲ್ಲ. ಒಂದು ಗಂಟೆಯಲ್ಲಿ ಆಗಬಹುದಾದ್ದು ಅಂದರೆ ಗರಡಿ ಎಲ್ಲಿದೆ, ಅದರ ಬಾಗಿಲು ಯಾವ ಕಡೆಗಿದೆ ಅಂತ ತಿಳಿಯುವುದು. ಅದೇನು ಸಣ್ಣದಲ್ಲ.

ಎಷ್ಟು ದೂರದವರು ಬರಬೇಕು?

ಸ್ಫೂರ್ತಿಯನ್ನು ಅಳೆಯಲು ಹೊರಟ ಮನೋವಿಜ್ಞಾನಿಗಳೂ ಇದ್ದಾರೆ. ಪೆನೆಲಪಿ ಲಾಕ್‌ವುಡ್ ಮತ್ತು ಜೀವಾ ಕುಂದಾ 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಕೌಂಟಿಂಗ್ ಓದುತ್ತಿದ್ದವರಿಗೆ ಅದೇ ಕೋರ್ಸಿನ ಅಸಾಧಾರಣ ಹಿರಿಯ ವಿದ್ಯಾರ್ಥಿಯೊಬ್ಬರ ಬಗ್ಗೆ ಓದಲು ಕೊಟ್ಟರು. ಮೊದಲ ವರ್ಷದವರಿಗೆ ಹುರುಪು ಬಂತು. ಕೊನೆಯ ವರ್ಷದವರಿಗೆ ಬರಲಿಲ್ಲ. ಯಾಕಂದರೆ ಮೊದಲ ವರ್ಷದವರಿಗೆ 'ನಾನೂ ಆಗಬಹುದು' ಅನ್ನಲು ಇನ್ನೂ ಸಮಯವಿತ್ತು, ಕೊನೆಯವರಿಗೆ ಇರಲಿಲ್ಲ. ಅಂದರೆ ಸಾಧಕರ ಕಥೆ ತಾನಾಗಿಯೇ ಸ್ಫೂರ್ತಿ ಕೊಡಲ್ಲ. ಕೈಗೆಟುಕುತ್ತದೆ ಅನ್ನಿಸಿದರೆ ಕೊಡುತ್ತದೆ, ಎಟುಕಲ್ಲ ಅನ್ನಿಸಿದರೆ ಅದೇ ಕಥೆ ಚುಚ್ಚುತ್ತದೆ. ಐದನೇ ವರ್ಷದಲ್ಲೂ ಫಲಿತಾಂಶ ಬಾರದೆ ಒದ್ದಾಡುತ್ತಿರುವ ಪಿಎಚ್‌ಡಿ ವಿದ್ಯಾರ್ಥಿಯನ್ನು ತಂದು ಸಾಧಕರ ಎದುರು ಕೂರಿಸುವಾಗ ಇದು ಯಾರಿಗಾದರೂ ನೆನಪಿರುತ್ತದಾ?

2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನ್ಯೂಯಾರ್ಕಿನ ಬಡ ಬಡಾವಣೆಗಳ ಶಾಲೆಗಳದ್ದು. 9 ಮತ್ತು 10ನೇ ತರಗತಿಯ 402 ಮಕ್ಕಳು. ಐನ್‌ಸ್ಟೈನ್, ಮೇರಿ ಕ್ಯೂರಿ, ಫ್ಯಾರಡೆ ಇವರ ಬಗ್ಗೆ ಓದಿದರು, ಆದರೆ ಎಲ್ಲರೂ ಒಂದೇ ಕಥೆ ಓದಲಿಲ್ಲ. ಕೆಲವರಿಗೆ ಬರೀ ಸಾಧನೆಗಳ ಕಥೆ. ಕೆಲವರಿಗೆ ಅವರು ಪ್ರಯೋಗದಲ್ಲಿ ಎಡವಿದ, ಮತ್ತೆ ಮಾಡಿದ ಕಥೆ. ಇನ್ನು ಕೆಲವರಿಗೆ ಬಡತನ, ಮನೆಯ ಕಷ್ಟಗಳ ಕಥೆ. ಕಷ್ಟದ ಕಥೆ ಓದಿದ ಮಕ್ಕಳ ವಿಜ್ಞಾನದ ಅಂಕ ಏರಿತು, ಅದರಲ್ಲೂ ಮೊದಲು ಹಿಂದುಳಿದಿದ್ದವರದ್ದು. ಬರೀ ಸಾಧನೆ ಓದಿದವರದ್ದು ಏರಲಿಲ್ಲ, ಇನ್ನೂ ಸ್ವಲ್ಪ ಇಳಿಯಿತು. ನಮ್ಮ ಪರಿಚಯ ಭಾಷಣಗಳನ್ನು ಇದಕ್ಕೆ ಹೋಲಿಸಿ ನೋಡಿ. ಇಷ್ಟು ಪದಕ, ಇಷ್ಟು ಗೌರವ ಡಾಕ್ಟರೇಟ್, ಇಷ್ಟು ಪೇಪರ್. ಅತಿಥಿ ಬಾಯಿ ತೆರೆಯುವ ಮೊದಲೇ ಕೆಲಸ ಕೆಟ್ಟಿರುತ್ತದೆ.

ಮೂರನೆಯದು ಪ್ಯಾರಿಸ್ ಸುತ್ತಮುತ್ತಲಿನದು. 2015–16ರಲ್ಲಿ 56 ವಿಜ್ಞಾನಿ ಮಹಿಳೆಯರು ಪ್ರೌಢಶಾಲೆಗಳಿಗೆ ಹೋಗಿ ತರಗತಿಯಲ್ಲಿ ಒಂದೊಂದು ಗಂಟೆ ಮಾತಾಡಿದರು, ಸುಮಾರು 20,000 ವಿದ್ಯಾರ್ಥಿಗಳನ್ನು ಗಮನಿಸಲಾಯಿತು. ಬಂದವರು ನೊಬೆಲ್ ವಿಜೇತರಲ್ಲ. ಕಂಪನಿಯಲ್ಲಿ ಕೆಲಸ ಮಾಡುವವರು, ಪಿಎಚ್‌ಡಿ ಅಥವಾ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಮಾಡುತ್ತಿದ್ದವರು. ಶಾಲೆಯ ಕೊನೆಯ ವರ್ಷದ ವಿಜ್ಞಾನ ವಿಭಾಗದ ಹುಡುಗಿಯರಲ್ಲಿ, ಅದರಲ್ಲೂ ಗಣಿತದಲ್ಲಿ ಮುಂದಿದ್ದವರಲ್ಲಿ, ಪ್ರವೇಶ ಕಠಿಣವಾದ ವಿಜ್ಞಾನ ಕೋರ್ಸುಗಳಿಗೆ ಸೇರಿದವರ ಪ್ರಮಾಣ ಕಣ್ಣಿಗೆ ಕಾಣುವಷ್ಟು ಏರಿತು. 10ನೇ ತರಗತಿಯವರ ಆಯ್ಕೆ ಮಾತ್ರ ಬದಲಾಗಲಿಲ್ಲ. ಇದರಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಎರಡು. ಒಂದು, ನಿರ್ಧಾರ ಮಾಡಬೇಕಾದ ಬಾಗಿಲಲ್ಲೇ ನಿಂತಿದ್ದವರಿಗೆ ಆ ಒಂದು ಗಂಟೆ ತಟ್ಟಿತು. ಎರಡು, 'ವಿಜ್ಞಾನದಲ್ಲಿ ಹೆಣ್ಣುಮಕ್ಕಳು ಎಷ್ಟು ಕಮ್ಮಿ ನೋಡಿ' ಅಂತ ಒತ್ತಿ ಹೇಳಿದ್ದಕ್ಕಿಂತ ಕೆಲಸ ಹೇಗಿರುತ್ತದೆ, ದಿನ ಹೇಗೆ ಕಳೆಯುತ್ತದೆ ಅಂತ ಹೇಳಿದ್ದೇ ಫಲ ಕೊಟ್ಟಿತು.

ಭೌತವಿಜ್ಞಾನದ ನೊಬೆಲ್ ಪಡೆದ 200ಕ್ಕೂ ಹೆಚ್ಚು ಜನರಲ್ಲಿ 2025ರವರೆಗೆ ಮಹಿಳೆಯರು ಐದೇ ಜನ. ಮೇರಿ ಕ್ಯೂರಿ, ಮರಿಯಾ ಗೋಪರ್ಟ್ ಮೇಯರ್, ಡೋನಾ ಸ್ಟ್ರಿಕ್‌ಲ್ಯಾಂಡ್, ಆಂಡ್ರಿಯಾ ಗೆಜ್, ಆನ್ ಲುಯಿಯೇ. ವಿಜೇತರನ್ನೇ ಕರೆಯುತ್ತೇವೆ ಅಂತ ಹಟ ಹಿಡಿದರೆ ವೇದಿಕೆ ಯಾರಿಂದ ತುಂಬುತ್ತದೆ ಅನ್ನುವುದು ಈ ಲೆಕ್ಕದಲ್ಲೇ ಇದೆ.

'ಛಲ ಬಿಡಬೇಡಿ' ಅನ್ನುವ ಸಲಹೆ

ಈಗ ವಿಜೇತರು ಸಾಮಾನ್ಯವಾಗಿ ಕೊಡುವ ಸಲಹೆಗೆ ಬರೋಣ. ನಂಬಿದ್ದನ್ನು ಬಿಡಬೇಡಿ, ಯಾರು ಏನೇ ಅಂದರೂ ಮುಂದುವರಿಯಿರಿ. ಕರಿಕೊ ಅವರಿಗೆ ಇದನ್ನು ಹೇಳುವ ಹಕ್ಕಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಅವರ ಹುದ್ದೆಯನ್ನು ಕೆಳಗಿಳಿಸಲಾಯಿತು, ಗ್ರಾಂಟ್ ಸಿಗಲಿಲ್ಲ, 2005ರ ಮುಖ್ಯ ಪೇಪರನ್ನೂ ಆಗ ಹೆಚ್ಚು ಜನ ಗಮನಿಸಲಿಲ್ಲ. ಬಿಡಲಿಲ್ಲ. 2023ರಲ್ಲಿ ನೊಬೆಲ್ ಬಂತು.

ಇನ್ನೊಂದು ಕಥೆಯನ್ನು ಪಕ್ಕದಲ್ಲಿಡಿ. ಜೀವಕೋಶದೊಳಗೆ ಹಸಿರಾಗಿ ಹೊಳೆಯುವ ಪ್ರೋಟೀನಿಗೆ 2008ರಲ್ಲಿ ರಸಾಯನದ ನೊಬೆಲ್ ಬಂತು, ಮೂವರಿಗೆ. ಅದರ ಜೀನನ್ನು 1992ರಲ್ಲಿ ಮೊದಲು ಬೇರ್ಪಡಿಸಿ ತೆಗೆದವರು ಡಗ್ಲಸ್ ಪ್ರಾಶರ್. ಅನುದಾನ ಮುಗಿದಾಗ ಆ ಜೀನನ್ನು ಕೇಳಿದವರಿಗೆ ಕೊಟ್ಟು ಅವರು ಬೇರೆ ದಾರಿ ಹಿಡಿದರು. ಪ್ರಶಸ್ತಿ ಘೋಷಣೆಯಾದಾಗ ಅವರು ಅಲಬಾಮಾದಲ್ಲಿ ಕಾರು ಮಾರುವ ಮಳಿಗೆಯೊಂದರಲ್ಲಿ ಗ್ರಾಹಕರನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಿದ್ದರು. ಅವರಲ್ಲಿ ಛಲ ಕಮ್ಮಿ ಇತ್ತಾ? ದುಡ್ಡು ಕಮ್ಮಿ ಇತ್ತು. ವಿಜೇತರಲ್ಲಿ ಇಬ್ಬರು ಅವರನ್ನು ತಮ್ಮ ಅತಿಥಿಯಾಗಿ ಸ್ಟಾಕ್‌ಹೋಮಿಗೆ ಕರೆದುಕೊಂಡು ಹೋದದ್ದು ಅವರ ದೊಡ್ಡತನ, ಅದು ಬೇರೆ ಮಾತು.

ವೇದಿಕೆ ಮೇಲೆ ಬರುವವರು ಯಾವತ್ತೂ ಗೆದ್ದವರೇ. ಅಷ್ಟೇ ಛಲ ಹಿಡಿದು ಸೋತವರನ್ನು ಯಾರೂ ಕರೆಯುವುದಿಲ್ಲ. ಹಾಗಾಗಿ ಛಲಕ್ಕೂ ಗೆಲುವಿಗೂ ಇರುವ ನಂಟು ಸಭಾಂಗಣದಿಂದ ನೋಡಿದಾಗ ನಿಜವಾಗಿ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಎರಡು ವರ್ಷದ ಗುತ್ತಿಗೆಯ ಮೇಲೆ ಮೂರನೇ ಪೋಸ್ಟ್‌ಡಾಕ್ ಮಾಡುತ್ತಿರುವವರಿಗೆ ಈ ಸಲಹೆ ಕೊಡುವಾಗ ಸ್ವಲ್ಪ ಎಚ್ಚರ ಬೇಕು. ಯಾವಾಗ ಬಿಡಬೇಕು ಅನ್ನುವುದೂ ಒಂದು ಒಳ್ಳೆಯ ಸಲಹೆಯೇ.

ಇನ್ನೊಂದು ತೊಡಕು ಕಾಲದ್ದು. ಹಿಗ್ಸ್ ಬೋಸಾನ್ ಕಣಕ್ಕೆ ಹೆಸರು ಕೊಟ್ಟ ಭೌತವಿಜ್ಞಾನಿ ಪೀಟರ್ ಹಿಗ್ಸ್ ಅವರ ಪೇಪರ್ ಬಂದದ್ದು 1964ರಲ್ಲಿ, ನೊಬೆಲ್ 2013ರಲ್ಲಿ. ಲಿಥಿಯಂ ಅಯಾನ್ ಬ್ಯಾಟರಿಗೆ 2019ರಲ್ಲಿ ಪ್ರಶಸ್ತಿ ಬಂದಾಗ ಜಾನ್ ಗುಡೆನಫ್ ಅವರಿಗೆ 97 ವರ್ಷ. ಸ್ಟ್ರಿಕ್‌ಲ್ಯಾಂಡ್ ಪಿಎಚ್‌ಡಿ ವಿದ್ಯಾರ್ಥಿನಿಯಾಗಿ 1985ರಲ್ಲಿ ಮಾಡಿದ ಕೆಲಸಕ್ಕೆ 2018ರವರೆಗೆ ಕಾದರು. ವಿಜೇತರು ಕೆಲಸಕ್ಕೆ ಸೇರಿದ ಕಾಲವೇ ಬೇರೆ. ಇವತ್ತಿನ ಲೆಕ್ಕದಲ್ಲಿ ತನಗೆ ವಿಶ್ವವಿದ್ಯಾಲಯದ ಕೆಲಸವೇ ಸಿಗುತ್ತಿರಲಿಲ್ಲ, ಸಾಕಷ್ಟು ಪೇಪರ್ ಬರೆಯದವನು ಅಂದುಬಿಡುತ್ತಿದ್ದರು ಅಂತ ಸ್ವತಃ ಹಿಗ್ಸ್ ಹೇಳಿದ್ದರು. ಎಷ್ಟು ಪ್ರಾಮಾಣಿಕ ಮಾತು! ನನ್ನ ಕೇಳಿದರೆ ಇಂಥ ಒಂದು ಮಾತು ಹತ್ತು ಸ್ಫೂರ್ತಿ ಭಾಷಣಕ್ಕೆ ಸಮ. ಕೇಳಿದ ಹುಡುಗರಿಗೆ 'ತಪ್ಪು ನನ್ನೊಬ್ಬನದ್ದಲ್ಲ' ಅಂತಾದರೂ ಗೊತ್ತಾಗುತ್ತದೆ.

ಪ್ರಶಸ್ತಿ ಬಂದವರು ಎಲ್ಲದರಲ್ಲೂ ಸರಿ ಅಂತಲೂ ಅಲ್ಲ. ಲೀನಸ್ ಪಾಲಿಂಗ್ ಎರಡು ನೊಬೆಲ್ ಪಡೆದವರು, ವಿಟಮಿನ್ ಸಿ ವಿಷಯದಲ್ಲಿ ಪುರಾವೆ ಮೀರಿ ಹೋದರು. ಡಿಎನ್‌ಎ ಪ್ರತಿ ಮಾಡುವ ಪಿಸಿಆರ್ ವಿಧಾನ ಕಂಡುಹಿಡಿದ ಕ್ಯಾರಿ ಮಲಿಸ್ ಏಡ್ಸ್ ಬರುವುದು ಎಚ್‌ಐವಿಯಿಂದ ಅನ್ನುವುದನ್ನೇ ಒಪ್ಪಲಿಲ್ಲ. ಟ್ರಾನ್ಸಿಸ್ಟರಿನ ವಿಲಿಯಂ ಶಾಕ್ಲಿ ಜನಾಂಗ ಮತ್ತು ಬುದ್ಧಿಯ ಬಗ್ಗೆ ಆಡಿದ ಮಾತು ನಾಚಿಕೆಗೇಡು. ಇವರೆಲ್ಲ ಕರೆದರೆ ಸಭಾಂಗಣ ತುಂಬಿಸಬಲ್ಲವರೇ ಆಗಿದ್ದರು. ಅತಿಥಿ ತಮ್ಮ ವಿಷಯ ಬಿಟ್ಟು ಹೊರಗೆ ಕಾಲಿಟ್ಟಾಗ ಕೈ ಎತ್ತಿ 'ಸರ್, ಇದಕ್ಕೆ ಪುರಾವೆ ಏನು?' ಅಂತ ಕೇಳುವ ವಾತಾವರಣ ಆ ಸಭಾಂಗಣದಲ್ಲಿ ಇರಬೇಕು. ಅದಿಲ್ಲದೆ ವಿಜ್ಞಾನದ ಹೆಸರಿನಲ್ಲಿ ನಡೆಯುವುದು ದರ್ಶನ ಮಾತ್ರ.

ಹಾಗಾದರೆ ಕರೆಯುವುದೇ ಬೇಡವಾ? ಬೇಕು. ಸಮಯವನ್ನು ಬೇರೆ ರೀತಿ ಹಂಚಬೇಕು. ಉಪನ್ಯಾಸವನ್ನು ಅರ್ಧ ಗಂಟೆಗೆ ಇಳಿಸಿ ಉಳಿದ ಹೊತ್ತು ಹತ್ತು ಹನ್ನೆರಡು ವಿದ್ಯಾರ್ಥಿಗಳ ಜೊತೆ ಒಂದು ಮೇಜಿಗೆ ಬಿಡಿ, ಪ್ರಾಧ್ಯಾಪಕರನ್ನು ಹೊರಗಿಟ್ಟು. ವಿದ್ಯಾರ್ಥಿಗಳು ಅತಿಥಿಯ ಒಂದು ಪೇಪರನ್ನಾದರೂ ಓದಿಕೊಂಡು ಬಂದಿರಲಿ. ಒಬ್ಬಿಬ್ಬರು ತಮ್ಮ ಕೆಲಸವನ್ನು, ಅದೂ ಸಿಕ್ಕಿಹಾಕಿಕೊಂಡಿರುವ ಭಾಗವನ್ನು, ಅವರ ಮುಂದಿಟ್ಟು 'ಇಲ್ಲಿಂದ ಮುಂದೆ ಹೋಗುತ್ತಿಲ್ಲ' ಅನ್ನಲಿ. ಒಬ್ಬ ಮಹಾವಿಜ್ಞಾನಿ ಹೊಸ ಸಮಸ್ಯೆಯೊಂದನ್ನು ಎದುರಿಗೇ ಹೇಗೆ ಹಿಡಿಯುತ್ತಾರೆ, ಎಲ್ಲಿ ತಡವರಿಸುತ್ತಾರೆ, 'ಇದು ನನಗೆ ಗೊತ್ತಿಲ್ಲ' ಅಂತ ಯಾವಾಗ ಹೇಳುತ್ತಾರೆ ಅನ್ನುವುದನ್ನು ನೋಡುವ ಅವಕಾಶ ಯೂಟ್ಯೂಬಿನಲ್ಲಿ ಸಿಗುವುದಿಲ್ಲ. ಜೊತೆಗೆ ಅವರ ಲ್ಯಾಬಿನ ಕಿರಿಯ ಸಂಶೋಧಕರೊಬ್ಬರನ್ನೂ ಕರೆಸಿ. ಅರ್ಜಿ ಹೇಗೆ ಹಾಕುವುದು, ಯಾವ ಫೆಲೋಶಿಪ್‌ಗೆ ಈಗ ದುಡ್ಡಿದೆ, ಆ ಲ್ಯಾಬಿನಲ್ಲಿ ಬದುಕು ಹೇಗೆ ಅಂತ ನಿಜ ಹೇಳುವವರು ಅವರೇ.

ಇನ್ನು ಕೇಳುವವರ ಕಡೆ. 'ನಿಮಗೆ ಸ್ಫೂರ್ತಿ ಯಾರು?', 'ಯುವಕರಿಗೆ ನಿಮ್ಮ ಸಂದೇಶ ಏನು?' ಇವೆರಡನ್ನು ಬಿಟ್ಟುಬಿಡಿ, ಉತ್ತರ ಅವರಿಗೆ ಬಾಯಿಪಾಠ. ಯಾವ ಸಮಸ್ಯೆಯನ್ನು ಕೈಬಿಟ್ಟಿರಿ, ಯಾಕೆ ಅಂತ ಕೇಳಿ. ಪ್ರಯೋಗ ಫಲ ಕೊಡದ ವರ್ಷಗಳಲ್ಲಿ ಸಂಬಳ ಎಲ್ಲಿಂದ ಬರುತ್ತಿತ್ತು ಅಂತ ಕೇಳಿ. ನಿಮ್ಮ ಲ್ಯಾಬ್ ಬಿಟ್ಟುಹೋದವರು ಈಗ ಏನು ಮಾಡುತ್ತಿದ್ದಾರೆ, ನಿಮ್ಮ ಕ್ಷೇತ್ರದಲ್ಲಿ ನೀವೇ ಈಗ ನಂಬದೆ ಬಿಟ್ಟಿರುವ ವಿಚಾರ ಯಾವುದು, ನನ್ನ ಜಾಗದಲ್ಲಿದ್ದರೆ ಈ ವಾರ ಯಾವ ಪೇಪರ್ ಓದುತ್ತಿದ್ದಿರಿ ಅಂತ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಆ ಪೇಪರನ್ನು ನಿಜವಾಗಿಯೂ ಓದಿ, ಅರ್ಥವಾಗದ ಜಾಗವನ್ನು ಗುರುತು ಹಾಕಿ ಹತ್ತು ದಿನದೊಳಗೆ ನಾಲ್ಕು ಸಾಲಿನ ಮೇಲ್ ಬರೆಯಿರಿ. ಅವರ ಹಳೆಯ ಸಾಧನೆಯ ಹೊಗಳಿಕೆ ಅದರಲ್ಲಿ ಬೇಡ. ಉತ್ತರ ಬಾರದೇ ಹೋಗಬಹುದು, ಅಥವಾ ಅವರ ಪೋಸ್ಟ್‌ಡಾಕ್ ಒಬ್ಬರು ಉತ್ತರಿಸಬಹುದು. ಎರಡನೆಯದಾದರೆ ಇನ್ನೂ ಒಳ್ಳೆಯದು, ನಾಳೆ ಆ ಲ್ಯಾಬಿನಲ್ಲಿ ಜಾಗ ಖಾಲಿಯಾದರೆ ಮೊದಲು ಗೊತ್ತಾಗುವುದು ಅವರಿಗೇ.